ಹೊಸ್ತಿಲಲ್ಲಿ ನಿಂತ ಶುಚಿತ್ವ

ಶುಚಿತ್ವಕ್ಕೆ ಪ್ರವಾದಿ(ಸ)ಯವರು ವಿಶ್ವಾಸದ ಅರ್ಧಾಂಶದ ಸ್ಥಾನ ನೀಡಿದ್ದಾರೆಂಬುದನ್ನು ಕೇಳದೆ ಬೆಳೆದ ಮುಸ್ಲಿಮ್ ಮಗು ಇರಲಾರದು. ವುಝೂ ಮಾಡುವಾಗ ಹಿಮ್ಮಡಿಯ ಸ್ವಲ್ಪ ಭಾಗವೂ ಒಣಗಿ ಉಳಿಯಬಾರದೆಂದು ಮದ್ರಸದ ಮೊದಲ ತರಗತಿಗಳಲ್ಲೇ ಕಲಿಸುತ್ತೇವೆ. ಬಟ್ಟೆಗೆ ತಗುಲಿದ ನಜಸನ್ನು ನಿವಾರಿಸುವ ಬಗೆಯನ್ನು ವಿವರಿಸಲು ಫಿಕ್‌ಹ್ ಗ್ರಂಥಗಳಲ್ಲಿ ಅಧ್ಯಾಯಗಳೇ ಇವೆ. ಇಷ್ಟೆಲ್ಲ ತಿಳಿದ ಸಮುದಾಯದ ಕೇರಿಯ ತಿರುವಿನಲ್ಲಿ ಕಸದ ಚೀಲಗಳ ರಾಶಿ ಬೆಳೆಯುವುದೇಕೆ?

ಉತ್ತರ ಕಹಿಯಾದರೂ ಸರಳವಾಗಿದೆ. ನಮ್ಮ ಶುಚಿತ್ವ ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಿದೆ. ಒಳಗಿರುವವರೆಗೆ ಅದು ಕಸ. ಹೊರಗೆಸೆದೊಡನೆ ಅದು ಯಾರದೂ ಅಲ್ಲ.

‘ತೆರಿಗೆ ಕಟ್ಟುತ್ತೇವೆ, ವಿಂಗಡಿಸುವುದು ಪಾಲಿಕೆಯ ಕೆಲಸ’ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ನಾವು ಒಪ್ಪಲಾರೆವು. ಮನೆಯಲ್ಲಿ ಬೇರ್ಪಡಿಸದ ಕಸ ಮುಂದೆಲ್ಲೋ ತಾನಾಗಿ ಬೇರ್ಪಡುವುದಿಲ್ಲ. ಕೊನೆಗೆ ಒಬ್ಬ ಮನುಷ್ಯನ ಕೈಯೇ ಅದನ್ನು ಬೇರ್ಪಡಿಸಬೇಕಾಗುತ್ತದೆ. ಮೀನಿನ ಮುಳ್ಳು, ಒಡೆದ ಗಾಜು, ಇನ್ಸುಲಿನ್ ಸೂಜಿ, ಮಗುವಿನ ಡೈಪರ್ ಎಲ್ಲವೂ ಒಂದೇ ಚೀಲದಲ್ಲಿದ್ದರೆ ಆ ಕೈಗೆ ಗಾಯವಾಗುತ್ತದೆ, ಸೋಂಕು ತಗಲುತ್ತದೆ. ಇದು ಹುಕೂಕುಲ್ ಇಬಾದ್, ಅರ್ಥಾತ್ ದಾಸರ ಹಕ್ಕಿನ ಪ್ರಶ್ನೆ. ಅನ್ಯಾಯಕ್ಕೊಳಗಾದವನು ಕ್ಷಮಿಸದೆ ಇಂತಹ ಹೊರೆ ಇಳಿಯದೆಂದು ವಿದ್ವಾಂಸರು ಎಚ್ಚರಿಸುತ್ತಾ ಬಂದಿದ್ದಾರೆ. ಹೆಸರೂ ಮುಖವೂ ತಿಳಿಯದ ಆ ಪೌರಕಾರ್ಮಿಕನನ್ನು ಎಲ್ಲಿ ಹುಡುಕಿ ಕ್ಷಮೆ ಕೇಳೋಣ?

ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಮೂರಾಗಿ ಬೇರ್ಪಡಿಸಬೇಕು, ಡೈಪರ್ ಹಾಗೂ ಪ್ಯಾಡ್‌ಗಳನ್ನು ಸುತ್ತಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಆದರೆ ಸತ್ಯವಿಶ್ವಾಸಿಗೆ ಇದನ್ನು ಕಲಿಸಲು ದಂಡದ ರಸೀದಿ ಬೇಕೆ? ಪರಲೋಕದ ವಿಚಾರಣೆಯ ಭಯ ಸಾಲದೆ?

ನಾವೆಸೆದ ಚೀಲ ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡೋಣ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಪ್ರದೇಶವನ್ನು ಆವರಿಸಿತು. ಮನೆಗಳೂ ಅಡಿಕೆ ತೋಟಗಳೂ ಅದರಡಿ ಸಿಲುಕಿದವು. ಕುಟುಂಬಗಳು ಮನೆ ತೊರೆಯಬೇಕಾಯಿತು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಜನರು ಬೀದಿಗಿಳಿದು ಹೋರಾಡಿದ ಬಳಿಕವಷ್ಟೇ, 2014ರ ಕೊನೆಗೆ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ರಾಶಿಯಡಿ ಗಾಳಿಯಾಡದೆ ಕೊಳೆಯುವ ಹಸಿಕಸದಿಂದ ಮೀಥೇನ್ ಹುಟ್ಟಿ ಬೆಂಕಿ ಹೊತ್ತಿಕೊಳ್ಳುತ್ತದೆ. ಅದರಿಂದ ಸೋರುವ ಕಪ್ಪುನೀರು ಬಾವಿಗಳನ್ನು ಸೇರುತ್ತದೆ. ಅದೇ ಹಸಿಕಸ ಮನೆಯಂಗಳದಲ್ಲಿ ಪ್ರತ್ಯೇಕವಾಗಿ ಉಳಿದಿದ್ದರೆ ಗೊಬ್ಬರವಾಗುತ್ತಿತ್ತು. ನೆರೆಯವನು ತನ್ನ ಕಿರುಕುಳದಿಂದ ಸುರಕ್ಷಿತನಾಗದವನ ವಿಶ್ವಾಸವನ್ನೇ ಪ್ರವಾದಿ(ಸ)ಯವರು ನಿರಾಕರಿಸಿದ್ದಾರೆ. ನಮ್ಮ ಕಸ ಇಪ್ಪತ್ತು ಕಿಲೋಮೀಟರ್ ದೂರ ಸಾಗಿದರೆ, ನಮ್ಮ ನೆರೆಯೂ ಅಷ್ಟು ದೂರಕ್ಕೆ ವಿಸ್ತರಿಸುತ್ತದೆ.

ನಮ್ಮ ಮೊಹಲ್ಲಾಗಳನ್ನು ಪಾಲಿಕೆ ಕಡೆಗಣಿಸುತ್ತದೆಂಬ ದೂರಿದೆ. ಅದು ಅನೇಕ ಕಡೆ ನಿಜ. ಇಕ್ಕಟ್ಟಿನ ಗಲ್ಲಿಗಳಿಗೆ ಗಾಡಿ ಬಾರದು, ಚರಂಡಿಯ ಹೂಳು ತೆಗೆಯುವವರಿಲ್ಲ. ಇದನ್ನು ಪ್ರಶ್ನಿಸಲೇಬೇಕು, ಲಿಖಿತ ದೂರು ನೀಡಲೇಬೇಕು. ಆದರೆ ಪಾಲಿಕೆಯ ಲೋಪವು ನಮ್ಮ ಹೊಣೆಯನ್ನು ರದ್ದುಪಡಿಸುವುದಿಲ್ಲ. ಗಾಡಿ ಬಾರದ ದಿನ ಚೀಲವನ್ನು ಚರಂಡಿಗೆಸೆದರೆ ಡೆಂಗಿ ಜ್ವರ ಬರುವುದು ಅಧಿಕಾರಿಗಲ್ಲ, ಪಕ್ಕದ ಮನೆಯ ಮಗುವಿಗೆ. ಜನರು ನಡೆಯುವ ದಾರಿಯನ್ನೂ ವಿಶ್ರಮಿಸುವ ನೆರಳನ್ನೂ ಮಲಿನಗೊಳಿಸುವುದು ಶಾಪಕ್ಕೆ ಗುರಿಮಾಡುವ ಕೃತ್ಯವೆಂದು ಪ್ರವಾದಿ(ಸ)ಯವರು ತಾಕೀತು ಮಾಡಿದಾಗ, ಮದೀನಾದಲ್ಲಿ ಕಸದ ಗಾಡಿ ಇರಲಿಲ್ಲ.

ಇನ್ನು ನಮ್ಮ ಔತಣಗಳು. ಬಟ್ಟಲನ್ನು ಒರೆಸಿ ಉಣ್ಣಲು, ಕೆಳಗೆ ಬಿದ್ದ ತುತ್ತನ್ನೂ ಎತ್ತಿ ಶುಚಿಗೊಳಿಸಿ ತಿನ್ನಲು ಕಲಿಸಿದ ಪ್ರವಾದಿಯ ಅನುಯಾಯಿಗಳ ವಲೀಮದಲ್ಲಿ ಬಿರಿಯಾನಿ ಚೀಲಗಟ್ಟಲೆ ತಿಪ್ಪೆ ಸೇರುತ್ತದೆ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದ್ದರೂ ಇಫ್ತಾರ್ ಕೂಟಗಳಲ್ಲಿ ಅವು ಕಾಣಸಿಗುತ್ತವೆ. ದುಂದುವೆಚ್ಚಗಾರರನ್ನು ಸೈತಾನನ ಸಹೋದರರ ಸಾಲಿಗೆ ಸೇರಿಸಿದ ಪವಿತ್ರ ಕುರ್‌ಆನನ್ನು ಓದಿ ಉಪವಾಸ ಹಿಡಿದವರು, ಉಪವಾಸ ಬಿಡುವ ಹೊತ್ತಿಗೆ ಅದನ್ನು ಮರೆಯಬಹುದೆ?

ನಮ್ಮ ಮಸೀದಿ ಜಮಾಅತ್‌ಗಳು ಇಲ್ಲಿ ಮುಂದಾಳುಗಳಾಗಬೇಕು. ನೂರು ಸ್ಟೀಲ್ ತಟ್ಟೆ, ನೂರು ಲೋಟಗಳನ್ನು ವಕ್ಫ್ ಮಾಡಿಸಿದರೆ ಒಂದು ಮೊಹಲ್ಲಾದ ಸಣ್ಣ ಕೂಟಗಳಿಗೆಲ್ಲ ಅವೇ ಸಾಕು. ಅದು ಕೊಟ್ಟವರಿಗೆ ನಿರಂತರ ಪುಣ್ಯ ತರುವ ಸದಕಾ ಜಾರಿಯಾ. ಬಕ್ರೀದ್‌ಗೆ ಮುನ್ನವೇ ಪಾಲಿಕೆಯೊಂದಿಗೆ ಮಾತನಾಡಿ, ಕುರ್ಬಾನಿಯ ತ್ಯಾಜ್ಯವನ್ನು ಅದೇ ದಿನ ಒಯ್ಯುವ ವ್ಯವಸ್ಥೆ ಮಾಡಬೇಕು. ಕರುಳು, ರಕ್ತ ಚರಂಡಿಗೆ ಹರಿದರೆ ಇಬ್ರಾಹೀಮ್(ಅ)ರ ತ್ಯಾಗದ ಸ್ಮರಣೆ ನೆರೆಹೊರೆಯ ಮೂಗಿಗೆ ದುರ್ವಾಸನೆಯಾಗಿ ತಲುಪುತ್ತದೆ. ಶುಕ್ರವಾರದ ಖುತ್ಬಾದಲ್ಲಿ ವರ್ಷಕ್ಕೊಮ್ಮೆಯಾದರೂ ಕಸದ ಕುರಿತು ಮಾತಾಡಬೇಕು. ವಿಷಯ ಕೀಳೆಂದು ಯಾವ ಖತೀಬರೂ ಹಿಂಜರಿಯಬೇಕಾಗಿಲ್ಲ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ವಿಶ್ವಾಸದ ಶಾಖೆಗಳಲ್ಲೊಂದು.

ಪ್ರವಾದಿ(ಸ)ಯವರ ಮಸೀದಿಯನ್ನು ಗುಡಿಸುತ್ತಿದ್ದ ಓರ್ವ ಕಪ್ಪು ವರ್ಣದ ಮಹಿಳೆಯ ವೃತ್ತಾಂತ ಹದೀಸ್‌ಗಳಲ್ಲಿದೆ. ಆಕೆ ತೀರಿಕೊಂಡಾಗ ಅದು ತಿಳಿಸಬೇಕಾದ ದೊಡ್ಡ ಸುದ್ದಿಯೆಂದು ಜನರಿಗೆ ತೋರಲಿಲ್ಲ. ಆಕೆ ಕಾಣದಿದ್ದಾಗ ಪ್ರವಾದಿ(ಸ)ಯವರು ವಿಚಾರಿಸಿದರು, ತನಗೇಕೆ ತಿಳಿಸಲಿಲ್ಲವೆಂದು ಪ್ರಶ್ನಿಸಿದರು, ಆಕೆಯ ಸಮಾಧಿಯ ಬಳಿಗೆ ಹೋಗಿ ಪ್ರಾರ್ಥಿಸಿದರು. ಗುಡಿಸುವವಳನ್ನು ಜನರು ಮರೆತರೂ ಅಲ್ಲಾಹನ ಸಂದೇಶವಾಹಕರು ಮರೆಯಲಿಲ್ಲ.

ಇಂದು ನಮ್ಮ ಬೀದಿ ಗುಡಿಸುವ ಮಹಿಳೆ ಬೆಳಗ್ಗೆ ಬಾಗಿಲಿಗೆ ಬಂದಾಗ ಅವಳ ಕೈಗೆ ನಾವು ಕೊಡುವುದೇನು? ಎರಡು ಬುಟ್ಟಿಗಳೂ ಸುತ್ತಿಟ್ಟ ಒಂದು ಪೊಟ್ಟಣವೂ ಆದರೆ ಅದು ಆಕೆಗೆ ಸಲ್ಲಬೇಕಾದ ಗೌರವ. ಎಲ್ಲವನ್ನೂ ಕಲಸಿ ಗಂಟುಕಟ್ಟಿದ ಚೀಲವಾದರೆ ಅದು ಅನ್ಯಾಯ. ಆಯ್ಕೆ ನಮ್ಮ ಅಡುಗೆಮನೆಯಲ್ಲಿದೆ.