ಕಾಲೇಜು ಮಕ್ಕಳಿಗೆ ಸ್ವಂತ ಲ್ಯಾಪ್‌ಟಾಪ್ ಬೇಕೆ?



ಸಾಮಾನ್ಯವಾಗಿ ಈ ಪುಟದಲ್ಲಿ ಬೋರ್ಡೋ ದ್ರಾವಣದ ಹದ, ಎಲೆಚುಕ್ಕೆ ರೋಗ, ಕಾಫಿಯ ಕಾಂಡಕೊರಕ, ಸಾಲದ ಗಡುವು ಮುಂತಾದ ವಿಷಯಗಳನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ತೋಟದ ಹೊರಗಿನ ಒಂದು ವಿಷಯ ಎತ್ತಿಕೊಂಡಿದ್ದೇನೆ. ಹೊರಗಿನದೆಂದು ಹೇಳಿದರೂ ಅದು ನಮ್ಮ ಸಂಘದ ಸಾಲದ ಲೆಡ್ಜರಿನೊಳಗೆ ಹೊಕ್ಕು ಕೂತಿರುವುದರಿಂದ ಬರೆಯದೆ ಗತ್ಯಂತರವಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಸದಸ್ಯರೊಬ್ಬರು ಬೆಳೆಸಾಲ ಪಡೆದರು. ಅವರದು ಒಂದೂವರೆ ಎಕರೆ ಅಡಿಕೆ, ಮೇಲಿನ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ. ಇಷ್ಟು ವರ್ಷ ಒಮ್ಮೆಯೂ ಗಡುವು ಮೀರಿದವರಲ್ಲ. ಈ ಸಲ ಗಡುವು ಕಳೆದು ತಿಂಗಳಾದರೂ ಅವರು ಸಂಘದ ಕಡೆ ಮುಖ ಹಾಕಲಿಲ್ಲ. ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿ ರಿಯಾಯಿತಿ ತಪ್ಪಿಹೋಗುತ್ತದೆ ಎಂಬುದು ಅವರಿಗೂ ಗೊತ್ತು. ಕಾರಣ ತಿಳಿಯೋಣವೆಂದು ಅವರ ಮನೆಗೇ ಹೋದೆ. ತೋಟ ನೋಡಿದೆ. ಗೊಬ್ಬರ ಬಿದ್ದಿರಲಿಲ್ಲ. ಔಷಧಿ ಒಂದೇ ಸಲ ಹೊಡೆಸಿದ್ದರು. ಎರಡನೆಯ ಸಲ ಹೊಡೆಸಬೇಕಾದ ಹೊತ್ತಿನಲ್ಲಿ ಕೈಯಲ್ಲಿ ಕಾಸಿರಲಿಲ್ಲವಂತೆ. ಆಗಸ್ಟಿನ ಮಳೆಗೆ ಕೊಳೆ ಬಂದು ಅರ್ಧ ಫಸಲು ಮರದ ಬುಡಕ್ಕೆ ಬಿದ್ದಿತ್ತು.

ಜಗುಲಿಯಲ್ಲಿ ಕಾಫಿ ಕೊಟ್ಟು, ತಲೆ ತಗ್ಗಿಸಿಕೊಂಡೇ ಹೇಳಿದರು: "ಮಗಳಿಗೆ ಲ್ಯಾಪ್‌ಟಾಪ್ ತೆಗೆದುಕೊಟ್ಟೆ ಸೆಕ್ರೆಟ್ರಿಗಳೇ. ನಿಮ್ಮ ಹತ್ತಿರ ಮೊದಲು ಕೇಳಿದ್ದೆನಲ್ಲ? ಅದಕ್ಕೆಲ್ಲ ಸಂಘದಲ್ಲಿ ಸಾಲ ಇಲ್ಲ ಅಂದಿರಿ."

ಹೌದು, ಅಂದಿದ್ದೆ. ಅಷ್ಟೇ ಅಲ್ಲ, "ಕಾಲೇಜಿನಲ್ಲಿ ಲ್ಯಾಬ್ ಇರುವಾಗ ಮನೆಗೊಂದು ಕಂಪ್ಯೂಟರ್ ಯಾಕೆ ಮಾರಾಯ್ರೆ?" ಎಂದು ಬುದ್ಧಿಯನ್ನೂ ಹೇಳಿ ಕಳಿಸಿದ್ದೆ. ಬೆಳೆಸಾಲವನ್ನು ಬೇರೆ ಕೆಲಸಕ್ಕೆ ಬಳಸಿದ್ದು ಅವರ ತಪ್ಪು. ಅದನ್ನು ಸಮರ್ಥಿಸುವವನು ನಾನಲ್ಲ. ಆದರೆ ನೆಟ್ಟಗೆ ಬಂದು ಕೇಳಿದವರನ್ನು ವಿಚಾರಿಸದೆ ವಾಪಸು ಕಳಿಸಿದ್ದು ನನ್ನ ತಪ್ಪು. ಅಂದಿನಿಂದ ಈ ಪ್ರಶ್ನೆಯನ್ನು ಬಿಟ್ಟೂಬಿಡದೆ ಯೋಚಿಸಿದ್ದೇನೆ. ನನಗೆ ತೋಚಿದ್ದನ್ನು ಬರುವ ಮಹಾಸಭೆಗೆ ಮೊದಲು ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನನ್ನ ಹಳೆಯ ಅಭಿಪ್ರಾಯ

ನನ್ನ ಅಭಿಪ್ರಾಯಕ್ಕೆ ಆಧಾರವೇ ಇರಲಿಲ್ಲ ಎಂದಲ್ಲ. ಒಂದು ಸಾಧಾರಣ ಒಳ್ಳೆಯ ಲ್ಯಾಪ್‌ಟಾಪಿಗೆ ನಲವತ್ತು ನಲವತ್ತೈದು ಸಾವಿರ ರೂಪಾಯಿ ಬೇಕು. ಅದರ ಮೇಲಿನ ಜಿ.ಎಸ್.ಟಿ.ಯೇ ಶೇ. 18. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ಸಾಕಷ್ಟು ರಾಶಿ ಅಡಿಕೆಯ ಬೆಲೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳದಿ ಎಲೆ ರೋಗ ಹೊಕ್ಕ ತೋಟದಲ್ಲಿ ಅಷ್ಟು ಅಡಿಕೆಗೆ ಎಷ್ಟು ಮರ ಹತ್ತಿ ಇಳಿಯಬೇಕೆಂದು ಬಲ್ಲವರೇ ಬಲ್ಲರು. ಕಾಫಿಗೆ 2024ರಲ್ಲಿ ಹಿಂದೆಂದೂ ಕಾಣದ ಬೆಲೆ ಬಂದದ್ದು ನಿಜ. ಆದರೆ ನಾಲ್ಕು ಮೂಟೆ ಕಾಫಿ ಬೆಳೆಯುವವನ ಮನೆಯಲ್ಲಿ ಆ ಬೆಲೆ ಹಳೆಯ ಸಾಲಕ್ಕೇ ಸರಿಹೋಯಿತು.

ಇನ್ನೊಂದು, ಯಂತ್ರ ಕೈಗೆ ಬಂದಾಕ್ಷಣ ವಿದ್ಯೆ ಬರುವುದಿಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಅರ್ಥಶಾಸ್ತ್ರದ ತರಗತಿಗಳಲ್ಲಿ ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ತರಗತಿಯೊಳಗೆ ಲ್ಯಾಪ್‌ಟಾಪ್ ಬಳಸಲು ಬಿಟ್ಟ ವಿದ್ಯಾರ್ಥಿಗಳಿಗೆ, ಬಿಡದವರಿಗಿಂತ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವು. ಪಾಠ ನಡೆಯುವಾಗ ತೆರೆಯ ಮೇಲೆ ಬೇರೆ ನೂರು ಆಕರ್ಷಣೆಗಳಿರುತ್ತವೆಂದು ಯಾರೂ ಊಹಿಸಬಹುದು.

ಈ ಮಾತನ್ನೇ ನಾನು ಹಲವರಿಗೆ ಹೇಳುತ್ತಿದ್ದೆ. ಈಗ ಯೋಚಿಸಿದರೆ, ಆ ಪ್ರಯೋಗ ತರಗತಿಯೊಳಗಿನ ಮಾತು. ಪಾಠದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಬೇಡ ಎನ್ನುವುದಕ್ಕೆ ಅದು ಸಾಕ್ಷಿ. ರಾತ್ರಿ ಮನೆಯಲ್ಲಿ ಕೂತು ಕೆಲಸ ಮಾಡುವ ಹುಡುಗಿಗೂ ಬೇಡ ಎನ್ನಲು ಅದು ಸಾಕ್ಷಿಯಾಗಲಾರದು.

ಬಸ್ಸಿನ ವೇಳೆ

"ಕಾಲೇಜಿನಲ್ಲಿ ಲ್ಯಾಬ್ ಇದೆ" ಎಂದೆನಲ್ಲ, ಆ ಲ್ಯಾಬಿನ ಬಾಗಿಲು ಮುಚ್ಚುವ ಹೊತ್ತು ಯಾವುದೆಂದು ಆ ದಿನ ಆ ಹುಡುಗಿಯನ್ನು ಕೇಳಿದೆ. ನಾಲ್ಕೂವರೆಗೆ ಮುಚ್ಚುತ್ತಾರೆ. ಅವಳ ಊರಿನ ಕಡೆಗಿನ ಕೊನೆಯ ಬಸ್ಸು ನಾಲ್ಕು ಮುಕ್ಕಾಲಿಗೆ. ತರಗತಿ ಮುಗಿಯುವುದೇ ನಾಲ್ಕಕ್ಕೆ. ಲ್ಯಾಬಿಗೆ ಹೋಗಿ ಯಂತ್ರ ಖಾಲಿಯಾಗುವವರೆಗೆ ಕಾದರೆ ಬಸ್ಸು ತಪ್ಪುತ್ತದೆ. ಬಸ್ಸಿಳಿದ ಮೇಲೆ ಮನೆಗೆ ಎರಡು ಮೈಲಿ ನಡೆಯಬೇಕು.

ಪೇಟೆಯಲ್ಲಿ ಮನೆಯಿರುವ ಹುಡುಗನಿಗೆ ಲ್ಯಾಬ್ ಮುಚ್ಚಿದರೂ ಗ್ರಂಥಾಲಯವಿದೆ, ರಾತ್ರಿ ಎಂಟರವರೆಗೆ ತೆರೆದಿರುವ ಸೈಬರ್ ಅಂಗಡಿಯಿದೆ, ಪಕ್ಕದ ಮನೆಯಲ್ಲಿ ಸ್ನೇಹಿತನ ಕಂಪ್ಯೂಟರ್ ಇದೆ. ಕಾಡಿನಂಚಿನ ನಮ್ಮ ಮನೆಯ ಮಗುವಿಗೆ ಇದ್ಯಾವುದೂ ಇಲ್ಲ. ಪೇಟೆಯವರಿಗೆ ಬೇಕು, ಹಳ್ಳಿಯ ಮಕ್ಕಳಿಗೆ ಅದೆಲ್ಲ ಯಾಕೆ ಎಂದು ನಾವು ತಿಳಿದುಕೊಂಡಿದ್ದೇವೆ. ವಸ್ತುಸ್ಥಿತಿ ಇದಕ್ಕೆ ತಲೆಕೆಳಗು. ಸ್ವಂತ ಯಂತ್ರವಿಲ್ಲದೆ ಪೇಟೆಯವನು ಹೇಗೋ ಸುಧಾರಿಸಬಹುದು. ಊರಿಂದ ಇಪ್ಪತ್ತೈದು ಕಿಲೋಮೀಟರು ದೂರವಿರುವವನಿಗೆ ಸುಧಾರಿಸಿಕೊಳ್ಳಲು ದಾರಿಯೇ ಇಲ್ಲ. ಆದರೆ ಇರುವುದು ಯಾರಲ್ಲಿ? ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ, ಅಂದರೆ 2017-18ರಲ್ಲಿ, ದೇಶದ ನಗರಗಳ ಶೇ. 23.4 ಕುಟುಂಬಗಳಲ್ಲಿ ಕಂಪ್ಯೂಟರ್ ಇತ್ತು, ಹಳ್ಳಿಗಳಲ್ಲಿ ಶೇ. 4.4 ಮಾತ್ರ.

"ನಮ್ಮಲ್ಲಿ ನೆಟ್‌ವರ್ಕೇ ಇಲ್ಲ, ಲ್ಯಾಪ್‌ಟಾಪ್ ತಂದು ಏನು ಮಾಡುವುದು?" ಎಂದು ಕೇಳುವವರಿದ್ದಾರೆ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ನಮ್ಮ ಮಕ್ಕಳು ಗುಡ್ಡದ ತುದಿಗೆ, ಮರದ ಬುಡಕ್ಕೆ ಅಲೆದದ್ದನ್ನು ಯಾರೂ ಮರೆತಿಲ್ಲ. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಕಡೆ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಆದರೆ ಪಾಠ ಕೇಳಲು ನೆಟ್‌ವರ್ಕ್ ಬೇಕು. ಬರೆಯಲು, ಲೆಕ್ಕದ ಪಟ್ಟಿ ಮಾಡಲು, ಪ್ರೋಗ್ರಾಂ ಬರೆದು ನೋಡಲು ಬೇಕಿಲ್ಲ. ಮನೆಯಲ್ಲಿ ಕೂತು ಮುಗಿಸಿ, ಮರುದಿನ ಪೇಟೆಯಲ್ಲಿ ಕಳಿಸಿದರಾಯಿತು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗುವ ನಮ್ಮಲ್ಲಿ, ಕಾಲೇಜಿನಲ್ಲಿ ಬ್ಯಾಟರಿ ತುಂಬಿಸಿ ತಂದರೆ ಸಂಜೆ ಎರಡು ಮೂರು ಗಂಟೆಯ ಕೆಲಸಕ್ಕೆ ಅಡ್ಡಿಯಿಲ್ಲ.

ಹಂಚಿಕೊಂಡರೆ ಸಾಲದೆ?

ಸಹಕಾರದ ಮೇಲೆ ನಿಂತಿರುವ ನಮಗೆ ಮೊದಲು ಹೊಳೆಯುವುದು ಇದು: ನಾಲ್ಕು ಮನೆಗೆ ಒಂದು ಸಾಲದೆ? ಆಡಳಿತ ಮಂಡಳಿಯ ಸಭೆಯಲ್ಲೂ ಹಿರಿಯರೊಬ್ಬರು ಇದನ್ನೇ ಕೇಳಿದರು.

ಇದಕ್ಕೆ ಉತ್ತರ ನಮ್ಮ ತೋಟದಲ್ಲೇ ಇದೆ. ಅಡಿಕೆ ಸುಲಿಯುವ ಯಂತ್ರವನ್ನು ಹತ್ತು ಮನೆಯವರು ಸರದಿಯ ಮೇಲೆ ಬಳಸುತ್ತೇವೆ. ಒಣಗಿದ ಅಡಿಕೆ ಒಂದು ವಾರ ಕಾಯುತ್ತದೆ. ಆದರೆ ಔಷಧಿ ಹೊಡೆಯುವ ಪಂಪು? ಅದನ್ನು ಯಾರೂ ಹಂಚಿಕೊಳ್ಳಲು ಹೋಗುವುದಿಲ್ಲ. ಮಳೆ ಹೊಳವಾದ ನಾಲ್ಕು ದಿನದಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ. ನೆರೆಯವರ ಸರದಿ ಮುಗಿಯುವಷ್ಟರಲ್ಲಿ ಕೊಳೆ ನಮ್ಮ ತೋಟಕ್ಕೆ ಬಂದಾಗಿರುತ್ತದೆ. ಬೇರೆ ಬೇರೆ ಹೊತ್ತಿಗೆ ಬೇಕಾಗುವುದನ್ನು ಹಂಚಿಕೊಳ್ಳಬಹುದು, ಎಲ್ಲರಿಗೂ ಒಂದೇ ಹೊತ್ತಿಗೆ ಬೇಕಾಗುವುದನ್ನು ಹಂಚಿಕೊಳ್ಳುವುದು ಕಷ್ಟ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ನಾನೂ ನನ್ನ ಕೋಣೆಯ ಗೆಳೆಯನೂ ಸೇರಿ ಒಂದು ಕ್ಯಾಲ್ಕುಲೇಟರ್ ಕೊಂಡಿದ್ದೆವು. ವರ್ಷವಿಡೀ ಏನೂ ತೊಂದರೆಯಾಗಲಿಲ್ಲ. ಭೌತಶಾಸ್ತ್ರದ ಪರೀಕ್ಷೆಯ ದಿನ ಇಬ್ಬರಿಗೂ ಬೇಕಾಯಿತು. ಚೀಟಿ ಎತ್ತಿದೆವು. ನಾನು ಲಾಗ್ ಟೇಬಲ್ ಹಿಡಿದುಕೊಂಡು ಹೋದೆ. ಕೊನೆಯ ಎರಡು ಲೆಕ್ಕ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು. ಇಂದಿನ ಮಕ್ಕಳ ಅಸೈನ್‌ಮೆಂಟಿನ ಕೊನೆಯ ದಿನವೂ ಹೀಗೆಯೇ, ತರಗತಿಗೆಲ್ಲ ಒಂದೇ.

ಯಾರಿಗೆ ಬೇಕು, ಯಾವಾಗ ಬೇಕು

ಹಾಗೆಂದು ಕಾಲೇಜಿನ ಮೆಟ್ಟಿಲು ಹತ್ತಿದ ದಿನವೇ ಪ್ರತಿಯೊಬ್ಬರ ಚೀಲದಲ್ಲೂ ಲ್ಯಾಪ್‌ಟಾಪ್ ಇರಬೇಕೆಂದು ನಾನು ಹೇಳಲಾರೆ. ಅದನ್ನು ತೀರ್ಮಾನಿಸಬೇಕಾದ್ದು ಓದುವ ವಿಷಯ.

ಬಿ.ಸಿ.ಎ., ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ ಅದು ಕತ್ತಿಯಿಲ್ಲದೆ ಕಳೆ ಕಡಿಯಲು ಹೋದಂತೆ; ಬೇಕೇ ಬೇಕು. ಬಿ.ಎ., ಬಿ.ಕಾಂ. ಮೊದಲ ವರ್ಷದವರಿಗೆ ಪುಸ್ತಕ, ನೋಟ್ಸು, ಮನೆಯ ಫೋನು ಸಾಕು. ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಶುಲ್ಕ ಇವೆಲ್ಲ ಫೋನಿನಲ್ಲೇ ಆಗುತ್ತವೆ. ಆದರೆ ಅವರಿಗೂ ಕೊನೆಯ ವರ್ಷ ಪ್ರಾಜೆಕ್ಟ್ ವರದಿ ಬರುತ್ತದೆ. ಐವತ್ತು ಪುಟದ ವರದಿಯನ್ನು, ಅದರ ಕೋಷ್ಟಕಗಳನ್ನು ಅಂಗೈಯಗಲದ ಫೋನಿನಲ್ಲಿ ಒತ್ತಿ ಒತ್ತಿ ಬರೆಯುವ ಶಿಕ್ಷೆ ಯಾರಿಗೂ ಬೇಡ.

ಸರ್ಕಾರ ಕೊಡುತ್ತದಲ್ಲ ಎನ್ನಬಹುದು. 2020ರಲ್ಲಿ ಸರ್ಕಾರಿ ಕಾಲೇಜುಗಳ ಮೊದಲ ವರ್ಷದ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯ ಸರ್ಕಾರ ಲ್ಯಾಪ್‌ಟಾಪ್ ಹಂಚಿತು. 2021ರಲ್ಲಿ ಒಂದೂವರೆ ಲಕ್ಷ ಟ್ಯಾಬ್ಲೆಟ್ ಹಂಚಿತು. ಸಿಕ್ಕಿದವರಿಗೆ ಉಪಕಾರವಾಯಿತು. ಆದರೆ ಖಾಸಗಿ ಮತ್ತು ಅನುದಾನಿತ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಆ ಪಟ್ಟಿಯಲ್ಲಿ ಇರಲಿಲ್ಲ. ಬರುವುದೋ ಬಾರದೋ ಎಂಬ ಹೂಮಳೆಯನ್ನು ನಂಬಿ ನೀರಿನ ವ್ಯವಸ್ಥೆ ಮಾಡದೆ ಕೂರುವ ಬೆಳೆಗಾರನಿಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಮಗ ಕೇಳಿದರೆ ಸಾಲ ಮಾಡಿ ತರುತ್ತೇವೆ. ಮಗಳು ಕೇಳಿದರೆ "ಹೆಣ್ಣುಮಕ್ಕಳ ಕೈಗೆ ಅದೆಲ್ಲ ಕೊಟ್ಟರೆ ಹಾಳಾಗುತ್ತಾರೆ" ಎನ್ನುತ್ತೇವೆ. ಕೇರಳದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನ್ ಬಳಸಬಾರದೆಂಬ ನಿಯಮವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದ್ದರು. ಆಕೆ ಉಚ್ಚ ನ್ಯಾಯಾಲಯಕ್ಕೆ ಹೋದಳು. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ, ಆಕೆಯನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಕೇರಳ ಉಚ್ಚ ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ನ್ಯಾಯಾಲಯದವರೆಗೆ ಹೋಗದ ನಮ್ಮ ಮನೆಯ ಹೆಣ್ಣುಮಕ್ಕಳ ಪರವಾಗಿ ನಾವೇ ಯೋಚಿಸಬೇಡವೆ? ನಾನು ಆರಂಭದಲ್ಲಿ ಹೇಳಿದ ಆ ತಂದೆ ಸಾಲದ ವಿಷಯದಲ್ಲಿ ತಪ್ಪಿದರೂ, ಈ ವಿಷಯದಲ್ಲಿ ನನಗಿಂತ ದೊಡ್ಡವರು.

ಸಂಘ ಏನು ಮಾಡಬಹುದು

ನನ್ನ ಸಲಹೆಗಳನ್ನು ಕ್ರಮವಾಗಿ ಕೊಟ್ಟಿದ್ದೇನೆ.

1. ಬೈಲಾಕ್ಕೆ ಅಗತ್ಯವಾದ ತಿದ್ದುಪಡಿ ಮಾಡಿ, ಸದಸ್ಯರ ಮಕ್ಕಳ ಲ್ಯಾಪ್‌ಟಾಪಿಗೆಂದೇ ಗರಿಷ್ಠ ರೂ. 45,000ದ ಒಂದು ಸಣ್ಣ ಸಾಲ ಇಡಬೇಕು. ಎರಡು ಫಸಲಿನಲ್ಲಿ ತೀರುವಂತಿರಬೇಕು. ಹೀಗೊಂದು ನೇರ ದಾರಿ ಇದ್ದರೆ ಗೊಬ್ಬರದ ಹಣಕ್ಕೆ ಯಾರೂ ಕೈಹಾಕುವುದಿಲ್ಲ.

2. ಈ ವಿಷಯಕ್ಕೆ ಈ ವರ್ಷ ಲ್ಯಾಪ್‌ಟಾಪ್ ಅಗತ್ಯವಿದೆ ಎಂದು ಕಾಲೇಜಿನಿಂದ ಒಂದು ಪತ್ರ ತರಬೇಕು. ಹಣವನ್ನು ಅಂಗಡಿಗೆ ನೇರವಾಗಿ ಸಂದಾಯ ಮಾಡಬೇಕು. ಗಂಡು ಹೆಣ್ಣೆಂಬ ಭೇದ ಕೂಡದು.

3. ಲ್ಯಾಬ್ ಕೆಲಸವಷ್ಟೇ ಸಾಕೆನ್ನುವ ಮಕ್ಕಳಿಗಾಗಿ ಸಂಘದ ಗೋದಾಮಿನ ಮಹಡಿಯ ಕೋಣೆಯಲ್ಲಿ ಮೂರು ಕಂಪ್ಯೂಟರುಗಳನ್ನಿಟ್ಟು, ಭಾನುವಾರ ಮತ್ತು ರಜಾದಿನಗಳಲ್ಲಿ ತೆರೆದಿಡಬೇಕು. ಸದಸ್ಯರಲ್ಲದ ಕೂಲಿಕಾರ್ಮಿಕರ ಮಕ್ಕಳಿಗೂ ಅಲ್ಲಿ ಪ್ರವೇಶವಿರಬೇಕು.

ಕೊಳ್ಳುವವರಿಗೆ ಎರಡು ಕಿವಿಮಾತು. ಪ್ರವೇಶ ಸಿಕ್ಕಿದ ಸಂತೋಷದಲ್ಲಿ ಮೊದಲ ವಾರವೇ ಕೊಳ್ಳಬೇಡಿ. ಸಿವಿಲ್, ಮೆಕ್ಯಾನಿಕಲ್ ವಿಭಾಗದವರಿಗೆ ನಕ್ಷೆ ಬಿಡಿಸಲು ಬೇಕಾದ ಯಂತ್ರ ಬೇರೆ, ಬಿ.ಕಾಂ.ನವರಿಗೆ ಬೇಕಾದ್ದು ಬೇರೆ. ಅಧ್ಯಾಪಕರನ್ನು ಕೇಳಿ ಕೊಳ್ಳಿ. ಬರೆಯುವ, ಲೆಕ್ಕ ಮಾಡುವ ಕೆಲಸಕ್ಕೆ ಲಿಬ್ರೆ ಆಫೀಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಪಡೆಯುವವರು ಗಮನಿಸಿ: ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಓದಿಗೆ ಅಗತ್ಯವಿದ್ದರೆ ಕಂಪ್ಯೂಟರಿನ ಖರ್ಚನ್ನೂ ಸೇರಿಸಲು ಅವಕಾಶವಿದೆ. ಅರ್ಜಿ ಕೊಡುವಾಗಲೇ ಅದನ್ನು ಕೇಳಿ ಬರೆಸಿ.

ಆ ಸದಸ್ಯರ ಬಾಕಿಯನ್ನು ಕಂತಿನಲ್ಲಿ ಕಟ್ಟಿಸಿಕೊಳ್ಳಲು ಆಡಳಿತ ಮಂಡಳಿ ಒಪ್ಪಿದೆ. ಅವರ ಮಗಳು ಈಗ ಬಿ.ಸಿ.ಎ. ಎರಡನೆಯ ವರ್ಷದಲ್ಲಿದ್ದಾಳೆ. ನಾನು ಹೊರಟಾಗ ಆ ಮಗು ಲ್ಯಾಪ್‌ಟಾಪಿನಲ್ಲಿ ತಾನೇ ಬರೆದಿಟ್ಟಿದ್ದ ಮನೆಯ ತೋಟದ ಲೆಕ್ಕ ತೋರಿಸಿದಳು. ಗೊಬ್ಬರಕ್ಕೆ ಎಷ್ಟು, ಔಷಧಿಗೆ ಎಷ್ಟು, ಆಳಿಗೆ ಎಷ್ಟು ಎಂಬುದೆಲ್ಲ ಇತ್ತು. ಔಷಧಿಯ ಎರಡನೆಯ ಸಾಲಿನ ಎದುರು ಸೊನ್ನೆ ಇತ್ತು. ಅದು ಯಾಕೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಮನೆಯ ಲೆಕ್ಕದಲ್ಲಿ ಆ ಸೊನ್ನೆ ಬೀಳಬಾರದೆಂಬುದೇ ಈ ಲೇಖನದ ಉದ್ದೇಶ.

ಸದಸ್ಯರು ಇದನ್ನು ಮನೆಯಲ್ಲಿ ಮಕ್ಕಳೊಡನೆಯೂ ಚರ್ಚಿಸಿ, ಒಪ್ಪಿಗೆಯಾಗಲಿ ವಿರೋಧವಾಗಲಿ, ತಮ್ಮ ಅಭಿಪ್ರಾಯವನ್ನು ಮಹಾಸಭೆಗೆ ಮುಂಚಿತವಾಗಿ ಸಂಘದ ಕಛೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ