ಹೀರೋ ಜಗ್ಗಿದರೆ ಲಾರಿ, ನಾನು ಜಗ್ಗಿದರೆ ಗುಂಡು!

ಈ ವಾರ ತಾರೆಯರ ಸುದ್ದಿ ಇಲ್ಲ, ಕಬ್ಬಿಣದ ಕೊಂಡಿಯ ಸುದ್ದಿ. ಬೇಜಾರು ಮಾಡ್ಕೋಬೇಡಿ. ಟಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು ನಮ್ಮ ಬಿಜ್ಜರಗಿ ಬಸ್ಸು ಹತ್ತುವ ಹುಡುಗನೊಬ್ಬ ನನ್ನ ಕೈ ಹಿಡಿದು ಕೇಳಿದ: "ಅಣ್ಣಾ, ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಜೀಪ್ ತಗೊಂಡೀನಿ. ಹಿಂದ ಟೋ ಬಾರ್ ಹಾಕಸಬೇಕು. ಸಿನಿಮಾದಾಗ ಹೀರೋ ಹಗ್ಗಾ ಕಟ್ಟಿ ಲಾರಿ ಎಳೀತಾನಲ್ಲ, ಹಂಗ ಎಳಿಯೂವಂಥಾದ್ದು. ಎಂಥಾದ್ ಹಾಕಸ್ಲಿ?"

ಮೊದಲು ಸಿನಿಮಾದ ಗುಟ್ಟು ಒಡೆದುಬಿಡ್ತೀನಿ. ಹೀರೋ ಕಾರು ಓಡಿಸ್ತಾ, ರಸ್ತೆ ಬಿಟ್ಟು ಹೀರೋಯಿನ್ ಮುಖಾನೇ ನೋಡ್ತಾ ಪೂರ್ತಿ ಹಾಡು ಮುಗಿಸ್ತಾನಲ್ಲ, ಎಷ್ಟೋ ಸಲ ಆ ಕಾರಿನ ಇಂಜಿನ್ನೇ ಬಂದ್ ಆಗಿರ್ತದೆ ಸ್ವಾಮೀ! ಮುಂದೊಂದು ಗಾಡಿ, ಅದರ ಮೇಲೆ ಕ್ಯಾಮೆರಾ, ನಡುವೆ ಗಟ್ಟಿ ಕಬ್ಬಿಣದ ಬಾರು. ಇಲ್ಲವೇ ಕಾರನ್ನೇ ತಗ್ಗಿನ ಟ್ರೇಲರ್ ಮೇಲೆ ಏರಿಸಿರ್ತಾರೆ. ಸ್ಟೀರಿಂಗ್ ತಿರುಗಿಸೋದು ಬರೀ ಅಭಿನಯ. ಇನ್ನು ಆ ಲಾರಿ? ಅದು ಕೆಸರಿನಲ್ಲಿ ಎಷ್ಟು ಹೂತಿರಬೇಕು ಅನ್ನೋದನ್ನು ಫೈಟ್ ಮಾಸ್ಟರ್ ಮೊದಲೇ ತೀರ್ಮಾನಿಸಿರ್ತಾನೆ. ನಮ್ಮ ಕಡೆಯ ಎರಿ ಮಣ್ಣು ಯಾವ ಮಾಸ್ಟರ್ ಮಾತೂ ಕೇಳೋದಿಲ್ಲ.

ಇದು ಗೊತ್ತಾಗಲಿಕ್ಕೆ ನಾನೊಂದು ಜೀವ ತೆಗೆಯೋದು ಬಾಕಿ ಇತ್ತು. ಕೇಳಿ.

ನನ್ನ ಹಳೇ ಮಿಲಿಟರಿ ಡಿಸ್ಪೋಸಲ್ ಜೀಪಿಗೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಅಂಟಿಸಿ, ಅದರ ಮೇಲೆ ಗುಜರಿಯಿಂದ ತಂದ ಗುಂಡು ಕೂರಿಸಿದ್ದೆ. ಒಂದೂವರೆ ತಾಸಿನಲ್ಲಿ ಕೆಲಸ ಖಲಾಸ್! ಕಪ್ಪು ಕನ್ನಡಕ ಏರಿಸಿ, ಬಾನೆಟ್ಟಿಗೆ ಒರಗಿ ಫೋಟೋನೂ ಹೊಡೆಸಿಕೊಂಡೆ. ದ್ರಾಕ್ಷಿ ತೋಟದ ಅಕ್ಟೋಬರ್ ಚಾಟ್ನಿ ಮುಗಿದಿತ್ತು, ಮಳೆ ಹಿಡಿಯಿತು. ತೋಟದ ದಾರಿಯಲ್ಲಿ ಗೊಬ್ಬರದ ಟೆಂಪೋ ಅಚ್ಚಿನ ತನಕ ಹೂತುಹೋಯಿತು. ಬಾವಿಯ ನೈಲಾನ್ ಹಗ್ಗ ತಂದು ಒಂದು ತುದಿ ಟೆಂಪೋಕ್ಕೆ, ಇನ್ನೊಂದು ತುದಿ ನನ್ನ ಗುಂಡಿಗೆ ಬಿಗಿದೆವು. ಮೆಲ್ಲಗೆ ಎಳೆದೆ, ಅಲುಗಲಿಲ್ಲ. ಸುತ್ತ ಹುಡುಗರ ಶಿಳ್ಳೆ. ತಲೆಗೇರಿತು ನೋಡಿ ಹೀರೋತನ! ಜೀಪು ಹಿಂದಕ್ಕೆ ತಂದು, ಹಗ್ಗ ಸಡಿಲ ಬಿಟ್ಟು, ಫೋರ್ ವೀಲ್ ಹಾಕಿ ಒಮ್ಮೆಲೇ ಓಡಿಸಿದೆ.

ಫಟ್!

ಜೀಪು ಹಗುರಾಯಿತು. ಹೊರಳಿ ನೋಡಿದರೆ ಟೆಂಪೋದ ಮುಂಗಾಜು ಇಲ್ಲ. ಹಗ್ಗದ ಸಮೇತ ಹಾರಿದ ಗುಂಡು ಡ್ರೈವರ್ ಸೀಟಿನ ಒರಗಿನಲ್ಲಿ ಹೋಗಿ ನಾಟಿತ್ತು. ಡ್ರೈವರ್ ಎಲ್ಲಿ? ಕಾಲಡಿ ಬಿದ್ದ ಬೀಡಿ ಕಟ್ಟು ಹುಡುಕಲಿಕ್ಕೆ ಬಗ್ಗಿದ್ದ. ಎದ್ದು ಕೂತ. ಕೂದಲ ತುಂಬ ಗಾಜಿನ ಚೂರು. "ಏನಾತ್ರೀ?" ಅಂದ. ನನಗೆ ಬಾಯಿ ಬರಲಿಲ್ಲ.

ಆಮೇಲೆ ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದೂವರೆ ಟನ್ನಿನ ಜೀಪು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡಿ ಹಗ್ಗ ಜಗ್ಗಿದರೆ, ಅದೇ ಜೀಪನ್ನು ಐದು ಅಡಿ ಎತ್ತರದಿಂದ ಕೆಳಗೆ ಬಿಟ್ಟಷ್ಟು ಶಕ್ತಿ. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗಿ ಅಷ್ಟನ್ನೂ ನುಂಗಿಕೊಳ್ತದೆ. ಗುಂಡಿನ ಕತ್ತು ಮುರಿಯಿತೋ, ಹಗ್ಗವೇ ಕವಣಿ, ಗುಂಡೇ ಕಲ್ಲು! ಆಸ್ಟ್ರೇಲಿಯಾದಲ್ಲಿ ಹೀಗೇ ಹಾರಿದ ಗುಂಡಿಗೆ ಜನ ಸತ್ತಿದ್ದಾರೆ. ಗುಂಡು ಇರೋದು ಟ್ರೇಲರ್ ಹೊರಲಿಕ್ಕೆ, ಹೂತ ಗಾಡಿ ಕೀಳಲಿಕ್ಕಲ್ಲ. ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ? 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದನ್ನು ಇಲ್ಲಿಗೆ ತರಲಿಕ್ಕೆ 400 ಎತ್ತು, 10 ಆನೆ, ನೂರಾರು ಆಳು ಬೇಕಾಯ್ತು ಅಂತಾರೆ. ಆ ಪುಣ್ಯಾತ್ಮರು ಹಿಂದಕ್ಕೆ ಹೋಗಿ ಓಡಿಬಂದು ಜಗ್ಗಿರಲಾರರು!

ಸರಿ, ಹುಡುಗನ ಪ್ರಶ್ನೆಗೆ ಬರ್ತೀನಿ. ತಮ್ಮಾ, ಮೊದಲು ಏನು ಎಳೆಯೋದು ಅಂತ ಹೇಳು. ಔಷಧ ಹೊಡೆಯೋ 500 ಲೀಟರಿನ ಟ್ಯಾಂಕಾ? ನೀರೇ 500 ಕಿಲೋ, ಟ್ರೇಲರ್ ಇನ್ನೂರು, ಒಟ್ಟು 700. ಫೋರ್ ವೀಲ್ ಇದ್ದರೆ ಎಷ್ಟಾದರೂ ಎಳೀತದೆ ಅನ್ನೋದು ಭ್ರಮೆ. ನಾಲ್ಕು ಚಕ್ರ ತಿರುಗಿದರೆ ಹಿಡಿತ ಸಿಗ್ತದೆ, ಬ್ರೇಕ್ ದೊಡ್ಡದಾಗೋದಿಲ್ಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಹಿಂದೆ ಸೈನ್ಯದವರು ಕಟ್ಟಿದ್ದು 'ಕಾಲು ಟನ್' ಟ್ರೇಲರು. ಗಾಡಿಗೊಂದು ಮಿತಿ, ಬಾರಿಗೊಂದು, ಗುಂಡಿಗೊಂದು, ಟ್ರೇಲರಿಗೊಂದು. ನಾಲ್ಕರಲ್ಲಿ ಸಣ್ಣದು ಯಾವುದೋ ಅದೇ ನಿನ್ನ ಮಿತಿ. ಗುಂಡಿನ ಮೇಲೆ ತೂಕ, ಅಳತೆ ಕೊರೆದಿರದಿದ್ದರೆ ಪುಕ್ಕಟೆ ಕೊಟ್ಟರೂ ಮುಟ್ಟಬೇಡ. 47.6 ಮಿಲಿಮೀಟರಿನ ಗುಂಡಿಗೆ 50ರ ಬಟ್ಟಲು ಕೂತಂತೆಯೇ ಕಾಣ್ತದೆ, ಮೊದಲ ತಗ್ಗಿನಲ್ಲೇ ಹಾರಿ ಬೀಳ್ತದೆ.

ಡಾಂಬರು ರಸ್ತೆಯಲ್ಲಿ ತಾಸಗಾಂವ್ ಪೇಟೆಗೆ ಒಣದ್ರಾಕ್ಷಿ ಒಯ್ಯೋದಾದರೆ ಗುಂಡು ಸಾಕು, ಸದ್ದಿಲ್ಲ. ತೋಟದ ಏರಿ-ತಗ್ಗಿನಲ್ಲಿ ಓಡಾಟವೇ ಜಾಸ್ತಿಯಾದರೆ ಮಿಲಿಟರಿ ಜೀಪಿನ ಕೊಕ್ಕೆ-ಬಳೆ ಒಳ್ಳೇದು. ಖಟಾಖಟಾ ಅಂತದೆ, ಆದರೆ ಟ್ರೇಲರ್ ಎತ್ತ ಹೊರಳಿದರೂ ತಿರುಗಿ ಕೊಡ್ತದೆ. ನಾನೀಗ ಹಾಕಿಸಿರೋದು ಅದನ್ನೇ.

ಕೂರಿಸೋ ವಿಷಯದಲ್ಲಿ ನನ್ನ ಹಳೇ ತಪ್ಪು ಮಾಡಬೇಡ. ಬಾರು ಬಂಪರಿಗಲ್ಲ, ಚಾಸಿಯ ಎರಡೂ ಹಳಿಗೆ ಬೋಲ್ಟಿನಿಂದ ಬಿಗೀಬೇಕು. ಬೋಲ್ಟಿನ ತಲೆ ಮೇಲೆ 8.8 ಅಥವಾ 10.9 ಅಂತ ಅಂಕಿ ಇರಲಿ. ಚಾಸಿ ಪೆಟ್ಟಿಗೆಯಂತೆ ಟೊಳ್ಳಾಗಿದ್ದರೆ ಒಳಗೊಂದು ಕೊಳವೆ ತೂರಿಸಿ ಬೋಲ್ಟ್ ಹಾಕಬೇಕು, ಇಲ್ಲವಾದರೆ ಬಿಗಿದಷ್ಟೂ ಹಳಿ ಚಪ್ಪಟೆಯಾಗ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕು. ಬಾರು ತೀರಾ ಕೆಳಗೆ ಜೋತುಬಿದ್ದರೆ ಹಳ್ಳ ಇಳಿದು ಏರುವಾಗ ನೆಲ ಕೆರೀತದೆ, ಫೋರ್ ವೀಲಿನ ಸುಖವೇ ಹೋಯ್ತು. ಲೈಟಿನ ವೈರು, ಏಳು ಪಿನ್ನಿನ ಪ್ಲಗ್ಗು ಮರೆಯಬೇಡ. ಕೊಂಡಿಯ ಕೆಳಗೆ ಎರಡು ಸರಪಳಿ ಕತ್ತರಿಯಾಕಾರದಲ್ಲಿ ಹಾಯಿಸು. ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಬೀಳದೆ ಆ ಜೋಳಿಗೆಯಲ್ಲಿ ಕೂರ್ತದೆ.

ಭಾರ ಹೇರೋದು ನಿಮ್ಮ ಅಜ್ಜನಿಗೆ ನನಗಿಂತ ಚೆನ್ನಾಗಿ ಗೊತ್ತು. ಚಕ್ಕಡಿ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗೀತದೆ, ಮುಂಭಾರವಾದರೆ ಹೆಗಲು ಹುಣ್ಣಾಗ್ತದೆ. ಟ್ರೇಲರಿಗೂ ಅದೇ. ಒಟ್ಟು ಭಾರದ ಹತ್ತರಲ್ಲೊಂದು ಪಾಲು, ಅಂದರೆ 700ಕ್ಕೆ 70 ಕಿಲೋದಷ್ಟು, ಕೊಂಡಿಯ ಮೇಲೆ ಕೂರಲಿ. ಹಿಂಭಾರ ಹೇರಿ ಜೋರಾಗಿ ಹೋದರೆ ಟ್ರೇಲರ್ ಹಾವಿನಂತೆ ಆಡಲಿಕ್ಕೆ ಹತ್ತುತ್ತದೆ, ಜೀಪನ್ನೂ ಆಡಿಸ್ತದೆ.

ಕಾಗದಪತ್ರದ ಮಾತು ಎರಡೇ. ಟ್ರೇಲರಿಗೆ ಬೇರೆ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ಮನಬಂದಂತೆ ಬದಲಿಸಲಿಕ್ಕೆ ಬಿಡೋದಿಲ್ಲ. ಬಾರು ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿ ಬಾ, ಕೊಂಡ ಮೇಲಲ್ಲ.

ಗಾಡಿ ಹೂತರೆ? ಸಲಿಕೆ ತಗೋ, ಚಕ್ರದ ಮುಂದಿನ ಮಣ್ಣು ಬಿಡಿಸು, ಕಡ್ಡಿ-ಕಲ್ಲು ತುಂಬು. ಎಳೀಲೇಬೇಕಾದರೆ ತೂಕ ಕೊರೆದ ಶಾಕಲ್ಲು, ಅದನ್ನು ಚಾಸಿಗೆ ಬಿಗಿದ ಕೊಕ್ಕೆಗೆ ಹಾಕು. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸು, ಹರಿದರೂ ನೆಲಕ್ಕೆ ಬೀಳಲಿ. ಶಿಳ್ಳೆ ಹೊಡೆಯೋ ಹುಡುಗರನ್ನು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಓಡಿಸು. ಮತ್ತೆ ಮೆಲ್ಲಗೆ, ಲೋ ಗೇರಿನಲ್ಲಿ.

ಆ ಟೆಂಪೋ ಡ್ರೈವರ್ ಈಗಲೂ ಸಂತೆಯಲ್ಲಿ ಸಿಗ್ತಾನೆ. ಬೀಡಿ ಬಿಡಿಸಬೇಕು ಅಂತ ಅವನ ಹೆಂಡತಿ ಹಠ ಹಿಡಿದಿದ್ದಾಳಂತೆ. "ನೀವರ ಹೇಳ್ರೀ ಆಕಿಗೆ" ಅಂತಾನೆ. ನಾನು ಏನು ಹೇಳಲಿ ಸ್ವಾಮೀ?