ರಸ್ತೆ ದಾಟುವ ಅಜ್ಜಿಗೊಂಬೆ

ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಳಗೆ ಮೊಸಳೆ ಬಿಟ್ಟಿದ್ದು ನೆನಪಿದೆಯಲ್ಲ? 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯನ್ನು ನಡೆಸಿ ಅದನ್ನೇ ಚಂದ್ರಲೋಕ ಮಾಡಿದ್ದೂ ಅವರೇ. ಟಿಕೆಟ್ಟಿಲ್ಲ, ಗ್ಯಾಲರಿಯಿಲ್ಲ. ದಾರಿಹೋಕರೂ ಕಲೆಯೊಳಗೇ!

ನಮ್ಮ ಕುಂದಾಪ್ರದ ಕಡೆಗೂ ಅಂಥದ್ದೊಂದು ಬೇಕು ಅನ್ನೋದು ನನ್ನ ವಾದ. ಆದ್ರೆ ಗುಂಡಿಯ ಬಗ್ಗೆ ಅಲ್ಲ, ಅಗಲದ ಬಗ್ಗೆ. ಹೆದ್ದಾರಿ 66 ಚತುಷ್ಪಥವಾದ ಮೇಲೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಷ್ಟೋ ಊರು ಎರಡು ಹೋಳು. ಮನೆ ಈಚೆ, ಗದ್ದೆ ಆಚೆ. ಡೈರಿಗೆ ಹಾಲು ಹಾಕಲು ಹೊರಟ ಅಜ್ಜಿ ರಸ್ತೆಬದಿಯಲ್ಲಿ ನಿಂತೇ ಇರ್ತಾಳೆ...

ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳು ಸೂತ್ರದಲ್ಲಿ ಕುಣಿಯುವಂಥವು. ಅಂಥದೇ ಒಂದು ಅಜ್ಜಿಗೊಂಬೆ ಮರವಂತೆಯಲ್ಲಿರಲಿ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ. ಫೋಟೋಕ್ಕಾದ್ರೂ ಜನ ಅಲ್ಲಿ ನಿಲ್ತಾರೆ. ಸೂತ್ರ ನೋಡುಗರ ಕೈಗೆ ಕೊಡಿ. ಎಳೆದರೆ ಅಜ್ಜಿ ಒಂದು ಹೆಜ್ಜೆ ಮುಂದೆ. ರಸ್ತೆಯಲ್ಲಿ ಗಾಡಿ ಹಾದರೆ ಸೆನ್ಸಾರ್ ಅವಳನ್ನು ಮತ್ತೆ ಹಿಂದಕ್ಕೆ ತಳ್ಳಬೇಕು.

"ಗೊಂಬೆ ಎಂತಕ್ಕೆ ಮಾರಾಯ್ರೆ, ಅಂಡರ್‌ಪಾಸ್ ಮಾಡ್ಲಿ" ಅಂತೀರಾ? ಖಂಡಿತ ಮಾಡ್ಲಿ. ಆದ್ರೆ ನೂರರ ಸ್ಪೀಡಲ್ಲಿ ಹೋಗುವವನಿಗೆ ಇಲ್ಲೊಂದು ಊರಿದೆ ಅಂತ ತಿಳಿಸೋಕೆ ಬೋರ್ಡು ಸಾಲದು. ಅಜ್ಜಿಯ ಸೂತ್ರ ಹಿಡಿದು ಐದು ನಿಮಿಷ ಒದ್ದಾಡಿದವನು ಮುಂದಿನ ಊರಲ್ಲಿ ಬ್ರೇಕ್ ಮೇಲೆ ಕಾಲಿಟ್ಟಾನು.

ಏನಂತೀರಿ?